ಬೀಜದ ಜೋಳ ಮತ್ತು ನಮ್ಮ ಆಫೀಸಿನ ಸರ್ವರ್

‘ಸರ್ವರ್’ ಅನ್ನೋ ಪದ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಆದರೆ ಅದರ ಹಿಂದೆ ‘ಡೌನ್’ ಸೇರಿಸಿಯೇ ಗೊತ್ತು. ರೇಷನ್ ತರಲು ಹೋದರೆ ಸರ್ವರ್ ಡೌನ್, ಪಹಣಿ ತೆಗೆಸಲು ಹೋದರೆ ಸರ್ವರ್ ಡೌನ್. ಹಾಗಾಗಿ ಸರ್ವರ್ ಅಂದರೆ ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಇರುವ, ನಮ್ಮ ಕೈಗೆ ಸಿಗದ ದೊಡ್ಡ ಯಂತ್ರ ಎಂದೇ ಬಹಳ ಜನ ತಿಳಿದಿದ್ದಾರೆ.

ರಾಯಚೂರು ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ, ನಾನು ಸುದ್ದಿ ಕೊಡುವ ವಾರಪತ್ರಿಕೆಯ ಆಫೀಸಿನಲ್ಲೂ ಒಂದು ಸರ್ವರ್ ಇದೆ. ಝೆರಾಕ್ಸ್ ಯಂತ್ರದ ಪಕ್ಕದಲ್ಲಿ, ಮರದ ಸ್ಟೂಲಿನ ಮೇಲೆ. ನೋಡಿದರೆ ಹಳೇ ಕಂಪ್ಯೂಟರ್, ಮಾನಿಟರ್ ಕೂಡ ಇಲ್ಲ. 2020ರಿಂದ ಅದನ್ನು ನೋಡಿಕೊಳ್ಳುವ ಕೆಲಸ ನನ್ನದು. ನಾನು ಎಂಜಿನಿಯರ್ ಅಲ್ಲ. ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದವನು, ಸುದ್ದಿಗೆ ಇಷ್ಟು ಎಂದು ದುಡ್ಡು ಪಡೆಯುವ ಸ್ಟ್ರಿಂಗರ್. ನನ್ನಂಥವನು ಕಲಿತದ್ದನ್ನು ಅಂಗಡಿ, ಫೋಟೊ ಸ್ಟುಡಿಯೊ, ಸಣ್ಣ ಸಂಘ ನಡೆಸುವವರು ಯಾರೂ ಕಲಿಯಬಹುದು ಅನ್ನಿಸಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಹೋದ ಹನ್ನೊಂದು ವರ್ಷ

ಮೊದಲು ನಮ್ಮಲ್ಲಿ ಎಲ್ಲವೂ ಪುಟ ಕಟ್ಟುವ ಒಂದೇ ಕಂಪ್ಯೂಟರಿನಲ್ಲಿತ್ತು. ವರದಿಗಾರರು ಪೆನ್‌ಡ್ರೈವ್ ತಂದು ಹಾಕುತ್ತಿದ್ದರು. ಒಂದೇ ಪುಟಕ್ಕೆ ‘ಫೈನಲ್’, ‘ಫೈನಲ್ 2’, ‘ಲಾಸ್ಟ್ ಫೈನಲ್’ ಎಂದು ಮೂರು ಫೈಲು. 2019ರ ಮೇ ತಿಂಗಳಲ್ಲಿ, ಹೊರಗೆ ಬಿಸಿಲು 40 ಡಿಗ್ರಿ ದಾಟಿದ್ದ ಒಂದು ಮಧ್ಯಾಹ್ನ, ಆ ಕಂಪ್ಯೂಟರ್ ಟಕ್ ಟಕ್ ಅಂತ ಸದ್ದು ಮಾಡಿ ನಿಂತಿತು. ರಿಪೇರಿಯವನು ಬಂದು ನೋಡಿ, “ಡಿಸ್ಕ್ ಹೋಗ್ಯಾದ ಸರ, ಇದರಾಗಿಂದು ಏನೂ ಬರಂಗಿಲ್ಲ” ಅಂದ. ಬೆಂಗಳೂರಿಗೆ ಕಳಿಸಿ ತೆಗೆಸಲು ಕೇಳಿದ ದುಡ್ಡು ನಮ್ಮ ಪತ್ರಿಕೆಯ ತಾಕತ್ತಿಗೆ ಮೀರಿತ್ತು. ಹನ್ನೊಂದು ವರ್ಷದ ಸಂಚಿಕೆಗಳು ಹೋದವು.

ಹಳೇ ಪೇಪರ್ ಹೋದರೆ ಏನಾಯಿತು ಅಂತ ನಮಗೂ ಮೊದಲು ಅನ್ನಿಸಿತ್ತು. ಎರಡು ತಿಂಗಳ ನಂತರ ವಯಸ್ಸಾದ ಹೆಣ್ಣುಮಗಳೊಬ್ಬರು ಆಫೀಸಿಗೆ ಬಂದರು. 2012ರಲ್ಲಿ ಅವರ ಮನೆಯವರು ಹೊಲದ ಖರೀದಿ ಪತ್ರ ಕಳೆದುಹೋಗಿದೆ ಎಂದು ನಮ್ಮಲ್ಲಿ ಪ್ರಕಟಣೆ ಕೊಟ್ಟಿದ್ದರು. ಗಂಡ ಈಗ ಇಲ್ಲ. ದಾಯಾದಿಗಳ ಜೊತೆ ವ್ಯಾಜ್ಯ. ವಕೀಲರು ಆ ಪೇಪರ್ ತನ್ನಿ ಅಂದಿದ್ದರು. ಬೈಂಡ್ ಮಾಡಿಸಿದ್ದ ಪುಸ್ತಕ ತೆಗೆದರೆ ಆ ವರ್ಷದ್ದು ಗೆದ್ದಲು ತಿಂದು ಮಣ್ಣಾಗಿತ್ತು. ಕಂಪ್ಯೂಟರಿನಲ್ಲಿ ಇದ್ದದ್ದು ಹೋಗಿತ್ತು. ಅರ್ಧ ದಿನ ಕಾದು, ನೀರು ಕುಡಿದು, ಬಸ್ ಹಿಡಿದು ವಾಪಸ್ ಹೋದರು.

ಊರಿನ ಸಣ್ಣ ಪತ್ರಿಕೆಯಲ್ಲಿ ಇಂಥವೇ ಇರುತ್ತವೆ. ಹೆಸರು ಬದಲಾವಣೆ, ಕಳೆದುಹೋದ ಅಂಕಪಟ್ಟಿ, ಟೆಂಡರು, ಶ್ರದ್ಧಾಂಜಲಿ. ದೊಡ್ಡ ಪತ್ರಿಕೆಯ ಲೈಬ್ರರಿಯಲ್ಲಿ ಇವು ಸಿಗುವುದಿಲ್ಲ. ಅಂಗಡಿಯವರಿಗೆ ಉದ್ರಿ ಲೆಕ್ಕ, ಸ್ಟುಡಿಯೊದವರಿಗೆ ಜನರ ಮದುವೆ ಫೋಟೊ ಹೇಗೋ ಹಾಗೆ. ಕಂಪ್ಯೂಟರ್ ನಮ್ಮದು, ಒಳಗಿರುವುದು ಮಂದಿಯದು.

ಕೂಡಿಸಿದ್ದು ಹೇಗೆ

2020ರ ಕೊನೆಗೆ, ಲಾಕ್‌ಡೌನ್ ಸಡಿಲಾದ ಮೇಲೆ, ಸಂಪಾದಕರು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಒಂದನ್ನು ಒಂಬತ್ತು ಸಾವಿರಕ್ಕೆ ತಂದರು. ಕೇಸರಿ ಬಣ್ಣದ ಸ್ಟಿಕ್ಕರ್ ಹಚ್ಚಿದ್ದ, ಯಾವುದೋ ಕಾಲೇಜಿನಿಂದ ತೆಗೆದುಹಾಕಿದ ಯಂತ್ರ. ಸಣ್ಣ ಆಫೀಸಿಗೆ ಅಷ್ಟು ಸಾಕು. ಸರ್ವರ್ ಎಂದರೆ ಬೇರೆ ಕಂಪ್ಯೂಟರುಗಳು ಕೇಳಿದ್ದನ್ನು ಕೊಡುವ, ಕೊಟ್ಟದ್ದನ್ನು ಇಟ್ಟುಕೊಳ್ಳುವ ಒಂದು ಕಂಪ್ಯೂಟರ್, ಅಷ್ಟೇ. ದುಡ್ಡು ಖರ್ಚು ಮಾಡಬೇಕಾದ್ದು ಡಿಸ್ಕಿಗೆ ಮತ್ತು ಕರೆಂಟಿಗೆ.

ಡಿಸ್ಕ್ ಮಾತ್ರ ಹೊಸವು ತಂದೆವು, 1 ಟಿಬಿಯ ಎರಡು. ಎರಡನ್ನೂ ಕನ್ನಡಿಯಂತೆ ಜೋಡಿಸಿದೆವು. ಬರೆದದ್ದೆಲ್ಲ ಎರಡರಲ್ಲೂ ಒಟ್ಟಿಗೆ ಬೀಳುತ್ತದೆ, ಒಂದು ಸತ್ತರೂ ಇನ್ನೊಂದು ಕೆಲಸ ನಡೆಸುತ್ತದೆ. ಇದಕ್ಕೆ ರೇಡ್ 1 ಅನ್ನುತ್ತಾರೆ. ಒಳಗೆ ಹಾಕಿದ್ದು ಉಬುಂಟು ಲಿನಕ್ಸ್, ಪುಕ್ಕಟೆ. ವಿಂಡೋಸ್ ಕಂಪ್ಯೂಟರುಗಳು ಇದರ ಫೋಲ್ಡರ್ ನೋಡಲು ಸಾಂಬಾ ಎಂಬ ಸಾಫ್ಟ್‌ವೇರ್ ಬೇಕು. ಸಾಂಬಾರಿಗೂ ಅದಕ್ಕೂ ಸಂಬಂಧ ಇಲ್ಲ! ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1990ರ ದಶಕದ ಆರಂಭದಲ್ಲಿ ಬರೆಯಲು ಶುರುಮಾಡಿ ಎಲ್ಲರಿಗೂ ಉಚಿತವಾಗಿ ಬಿಟ್ಟದ್ದು.

ಯಂತ್ರಕ್ಕಿಂತ ಮೊದಲು ನಾವು ಕರೆದದ್ದು ಎಲೆಕ್ಟ್ರಿಷಿಯನ್ನನ್ನು. ಆಫೀಸಿಗೆ ಸರಿಯಾದ ಅರ್ಥಿಂಗ್ ಇರಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ಹಾಕಿ ಹೊಸದಾಗಿ ಮಾಡಿಸಿದೆವು. ಆಮೇಲೆ ಯುಪಿಎಸ್. ಅದರಿಂದ ಸರ್ವರಿಗೆ ಒಂದು ಯುಎಸ್‌ಬಿ ವೈರ್ ಹೋಗುತ್ತದೆ. ಕರೆಂಟ್ ಹೋಗಿ ಬ್ಯಾಟರಿ ಇಳಿಯುತ್ತ ಬಂದರೆ ಸರ್ವರ್ ತಾನೇ ಎಲ್ಲ ಮುಚ್ಚಿ ಆಫ್ ಆಗುತ್ತದೆ. ಧಡ್ ಅಂತ ಕರೆಂಟ್ ಹೋದಾಗ ಬರೆಯುತ್ತಿದ್ದ ಫೈಲು ಕೆಡುತ್ತದೆ, ಹೊಡೆತ ಬೀಳುವುದು ಅಲ್ಲೇ.

ಬಿಲ್ಲಿನ ಭಯ ಸಂಪಾದಕರಿಗಿತ್ತು. ನಮ್ಮ ಯಂತ್ರ ಸುಮಾರು 40 ವ್ಯಾಟ್ ತಿನ್ನುತ್ತದೆ. ಹಗಲುರಾತ್ರಿ ಹಚ್ಚಿಟ್ಟರೂ ದಿನಕ್ಕೆ ಹೆಚ್ಚುಕಡಿಮೆ 1 ಯೂನಿಟ್. ತಿಂಗಳಿಗೆ 30 ಯೂನಿಟ್ ಒಳಗೆ.

ಇನ್ನು ಫೈಲಿನ ಹೆಸರು. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ: 2021-03-14. ಹೀಗಿಟ್ಟರೆ ಕಂಪ್ಯೂಟರ್ ತಾನಾಗಿ ಸಾಲಾಗಿ ಜೋಡಿಸುತ್ತದೆ. ‘ಲಾಸ್ಟ್ ಫೈನಲ್’ಗೆ ಅಲ್ಲಿಗೆ ಮುಕ್ತಿ ಸಿಕ್ಕಿತು.

ಹಗೇವು ಬೇರೆ, ಬೀಜ ಬೇರೆ

ಎರಡು ಡಿಸ್ಕ್ ಇವೆಯಲ್ಲ, ಇನ್ನೇನು ಚಿಂತೆ ಅಂತ ಸಂಪಾದಕರು ನೆಮ್ಮದಿಯಾಗಿದ್ದರು. 2021ರಲ್ಲಿ ಅವರ ಕಂಪ್ಯೂಟರಿನ ಮುಂದೆ ಕೂತ ಹುಡುಗನೊಬ್ಬ, ಜಾಗ ಖಾಲಿ ಮಾಡೋಣ ಅಂತ ಒಂದು ತಿಂಗಳ ಫೋಲ್ಡರ್ ಅಳಿಸಿಬಿಟ್ಟ. ಕನ್ನಡಿ ತನ್ನ ಕೆಲಸ ಚೆನ್ನಾಗಿಯೇ ಮಾಡಿತು. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯಿತು. ಸರ್ವರಿನ ಫೋಲ್ಡರಿನಲ್ಲಿ ಅಳಿಸಿದ್ದು ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೂ ಹೋಗುವುದಿಲ್ಲ.

ಪುಣ್ಯಕ್ಕೆ ಮೂರನೇ ಪ್ರತಿ ಇತ್ತು. ನಮ್ಮ ಕಡೆಯ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಊಟದ ಜೋಳ ಹಗೇವಿನಲ್ಲಿ ಎಷ್ಟೇ ಇರಲಿ, ಬೀಜದ ಜೋಳವನ್ನು ಯಾರೂ ಅದರ ಜೊತೆ ಇಡುವುದಿಲ್ಲ. ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ಬೇರೆ ಗಡಿಗೆಯಲ್ಲಿ, ಬೇರೆ ಜಾಗದಲ್ಲಿ ಇಡುತ್ತಾರೆ. ಹಗೇವಿಗೆ ನೀರು ನುಗ್ಗಿದರೂ ಮುಂದಿನ ಬಿತ್ತನೆ ನಿಲ್ಲಬಾರದು. ಬ್ಯಾಕಪ್ ಅಂದರೆ ಇದೇ. ಅಮೆರಿಕದ ಫೋಟೊಗ್ರಾಫರ್ ಪೀಟರ್ ಕ್ರೋಗ್ ಇದನ್ನೇ 3-2-1 ಎಂಬ ಲೆಕ್ಕವಾಗಿ ಜನಪ್ರಿಯಗೊಳಿಸಿದರು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲೋ ಬೇರೆ ಕಟ್ಟಡದಲ್ಲೋ.

ನಮ್ಮಲ್ಲಿ ಎರಡು ಹೊರಗಿನ ಡಿಸ್ಕ್ ಇವೆ. ಒಂದು ಆಫೀಸಿನಲ್ಲಿ, ಇನ್ನೊಂದು ಹನ್ನೆರಡು ಕಿಲೋಮೀಟರ್ ದೂರದ ಸಂಪಾದಕರ ಹಳ್ಳಿ ಮನೆಯ ಅಲಮಾರಿಯಲ್ಲಿ. ಪ್ರತಿ ಭಾನುವಾರ ಅದಲುಬದಲು. ಹೊಸದಾಗಿ ಬಂದದ್ದನ್ನಷ್ಟೇ ನಕಲು ಮಾಡುವ ಆರ್‌ಸಿಂಕ್ ಎಂಬ ಸಾಫ್ಟ್‌ವೇರ್ ಇದೆ, ಅದರಲ್ಲೂ ಟ್ರಿಡ್ಜೆಲ್ ಕೈ ಇದೆ. ಸರ್ವರಿನಲ್ಲಿ ಅಳಿಸಿದ್ದನ್ನು ಡಿಸ್ಕಿನಲ್ಲೂ ಅಳಿಸು ಎಂದು ನಾವು ಅದಕ್ಕೆ ಹೇಳಿಲ್ಲ. ಕೆಲಸ ಮುಗಿದ ಕೂಡಲೇ ಡಿಸ್ಕ್ ಬಿಚ್ಚಿಡುತ್ತೇವೆ. ಸದಾ ಚುಚ್ಚಿಟ್ಟ ಡಿಸ್ಕಿಗೆ ಸಿಡಿಲು, ವೈರಸ್ ಎರಡೂ ತಲುಪುತ್ತವೆ.

ಎಲ್ಲವನ್ನೂ ಇಂಟರ್ನೆಟ್ಟಿಗೆ ಏರಿಸಬಾರದೇ ಎಂದು ಕೇಳುತ್ತಾರೆ. ಸೆಕೆಂಡಿಗೆ 10 ಮೆಗಾಬಿಟ್ ಏರಿಸುವ ಸಂಪರ್ಕದಲ್ಲಿ 1 ಟಿಬಿ ಏರಲು, ಒಂದು ಗಳಿಗೆಯೂ ನಿಲ್ಲದೆ ಓಡಿದರೂ, ಒಂಬತ್ತು ದಿನ ಮೇಲೆ ಬೇಕು. ಅದಕ್ಕೆ ಮುಗಿದ ಪುಟಗಳ ಪಿಡಿಎಫ್ ಮಾತ್ರ ಏರಿಸುತ್ತೇವೆ. ಉಳಿದದ್ದು ಸಂಪಾದಕರ ಬೈಕಿನಲ್ಲಿ ಹೋಗುತ್ತದೆ.

ತೆಗೆದು ನೋಡಬೇಕು

ತಿಂಗಳಿಗೊಮ್ಮೆ ನಾವು ಚೀಟಿ ಎತ್ತುತ್ತೇವೆ. ಚೀಟಿಯಲ್ಲಿ ಬಂದ ವಾರದ ಫೈಲನ್ನು ಅಲಮಾರಿಯಿಂದ ತಂದ ಡಿಸ್ಕಿನಿಂದ ತೆಗೆದು, ಬೇರೆ ಕಂಪ್ಯೂಟರಿನಲ್ಲಿ ತೆರೆದು ಓದುತ್ತೇವೆ. ಮೊಳಕೆ ಬರುತ್ತದೋ ಇಲ್ಲವೋ ಅಂತ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡುವುದಿಲ್ಲವೇ, ಹಾಗೆ.

ಹೀಗೆ ನೋಡುವಾಗಲೇ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಪೆನ್‌ಡ್ರೈವ್‌ಗಳಲ್ಲಿ ಉಳಿದಿದ್ದ ಕೆಲವು ಹಳೇ ಫೈಲು ತೆರೆದವು, ಆದರೆ ಕನ್ನಡ ಕಾಣಲಿಲ್ಲ. ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬುಗಳ ಕಲಸುಮೇಲೋಗರ. ಅವು ನುಡಿ, ಶ್ರೀಲಿಪಿಯಂಥ ಸಾಫ್ಟ್‌ವೇರ್‌ಗಳ ಹಳೇ ಫಾಂಟಿನಲ್ಲಿ ಬರೆದವು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ನಮ್ಮ ಡಿಟಿಪಿ ಬಹಳ ವರ್ಷ ಹಳೇ ಫಾಂಟಿನಲ್ಲೇ ನಡೆಯಿತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಕನ್ನಡವೇ ಅಲ್ಲ, ಹುಡುಕಿದರೆ ಸಿಗುವುದೂ ಇಲ್ಲ. ಈಗ ಪ್ರತಿ ಪುಟಕ್ಕೂ ಪಿಡಿಎಫ್ ಒಂದು, ಸುದ್ದಿಯ ಯೂನಿಕೋಡ್ ಪಠ್ಯ ಒಂದು ಇಡುತ್ತೇವೆ. ಡಿಸ್ಕ್ ಗಟ್ಟಿಯಾಗಿದ್ದರೂ ಅಕ್ಷರ ಸಾಯಬಹುದು.

ನೋಡಿಕೊಳ್ಳುವುದು, ಬದಲಿಸುವುದು

ದಿನನಿತ್ಯದ ಕೆಲಸ ಬಹಳ ಇಲ್ಲ. ಮೂರು ತಿಂಗಳಿಗೊಮ್ಮೆ ಬಿಚ್ಚಿ ಧೂಳು ಹೊಡೆಯುವುದು. ಬೇಸಿಗೆಯಲ್ಲಿ ಡಿಸ್ಕಿನ ಬಿಸಿ ನೋಡುವುದು, 50 ಡಿಗ್ರಿ ಹತ್ತಿರ ಹೋದರೆ ಟೇಬಲ್ ಫ್ಯಾನ್ ತಿರುಗಿಸುವುದು. ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಬರೆದಿಟ್ಟುಕೊಳ್ಳುತ್ತದೆ. ಕೆಟ್ಟ ಜಾಗಗಳ ಸಂಖ್ಯೆ ಏರತೊಡಗಿದರೆ ಸಾಯುವ ಮೊದಲೇ ಬದಲಿಸುವುದು. ಯುಪಿಎಸ್ ಬ್ಯಾಟರಿಗೆ ಎರಡು ಮೂರು ವರ್ಷ ಆಯಸ್ಸು ಎಂದು ಲೆಕ್ಕ ಇಟ್ಟುಕೊಳ್ಳುವುದು.

ಒಮ್ಮೆ ಎಲ್ಲವೂ ಏಕಾಏಕಿ ನಿಧಾನವಾಯಿತು. ಎರಡು ನಿಮಿಷಕ್ಕೆ ಬರುತ್ತಿದ್ದ ಫೋಟೊಗಳಿಗೆ ಕಾಲು ಗಂಟೆ. ಸರ್ವರಿನಲ್ಲಿ ಏನೂ ತಪ್ಪಿರಲಿಲ್ಲ. ಅಟ್ಟದ ಮೇಲೆ ಹೋದ ನೆಟ್‌ವರ್ಕ್ ವೈರನ್ನು ಇಲಿ ಕಡಿದಿತ್ತು. ಆ ವೈರಿನೊಳಗೆ ಎಂಟು ಎಳೆ ಇರುತ್ತವೆ. ಎಂಟೂ ಸರಿ ಇದ್ದರೆ ಸಾವಿರದ ವೇಗ, ಒಂದೆರಡು ಹೋದರೆ ನಾಲ್ಕರಲ್ಲೇ ನೂರರ ವೇಗಕ್ಕೆ ಇಳಿದು ಕುಂಟುತ್ತದೆ. ದೊಡ್ಡ ಯಂತ್ರ ಕೊಳ್ಳುವ ಮೊದಲು ಅಟ್ಟ ಹತ್ತಿ ನೋಡುವುದು ಒಳ್ಳೆಯದು.

ಸಾಫ್ಟ್‌ವೇರ್ ಅಪ್‌ಡೇಟ್ ಮುಂದೂಡಬಾರದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರುಗಳನ್ನೂ ಬೀಗ ಹಾಕಿ ಕೂರಿಸಿತ್ತು. ಅದು ನುಗ್ಗಿದ್ದು ವಿಂಡೋಸ್ ಫೈಲು ಹಂಚಿಕೊಳ್ಳುವ ಬಾಗಿಲಿನಿಂದ. ಆ ಬಾಗಿಲಿನ ರಿಪೇರಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

2024ರಲ್ಲಿ ಜಾಗ ಸಾಲದೆ 4 ಟಿಬಿ ಡಿಸ್ಕ್ ತಂದೆವು. ಮೊದಲು ಬ್ಯಾಕಪ್. ಆಮೇಲೆ ಒಂದು ಹಳೇ ಡಿಸ್ಕ್ ತೆಗೆದು ಹೊಸದು ಹಾಕಿ, ಪ್ರತಿ ಪೂರ್ತಿ ಇಳಿದ ಮೇಲಷ್ಟೇ ಎರಡನೆಯದನ್ನು ಮುಟ್ಟಿದೆವು. ಉಬುಂಟು 20.04ಕ್ಕೆ ಉಚಿತ ಬೆಂಬಲ 2025ರಲ್ಲಿ ಮುಗಿಯುವುದಿತ್ತು. ಅದನ್ನು 22.04ಕ್ಕೆ, ಅಲ್ಲಿಂದ 24.04ಕ್ಕೆ ಏರಿಸಿದೆವು. ನಡುವಿನ ಮೆಟ್ಟಿಲು ಹಾರುವಂತಿಲ್ಲ. ಇದನ್ನೆಲ್ಲ ಪತ್ರಿಕೆ ಪ್ರಿಂಟಿಗೆ ಹೋದ ಮರುದಿನವೇ ಮಾಡುವುದು, ಹಿಂದಿನ ದಿನ ಯಾರೂ ಸರ್ವರ್ ಮುಟ್ಟುವಂತಿಲ್ಲ. ತೆಗೆದ ಹಳೇ ಡಿಸ್ಕುಗಳನ್ನು ಮೂರು ತಿಂಗಳು ಹಾಗೇ ಎತ್ತಿಟ್ಟಿದ್ದೆವು.

ನೂರು ಪುಟದ ನೋಟ್‌ಬುಕ್

ಇಷ್ಟೆಲ್ಲದರಲ್ಲಿ ಬಹಳ ಬೆಲೆಯದ್ದು ಸರ್ವರಿನ ಮೇಲೆ ದಾರದಿಂದ ಕಟ್ಟಿರುವ ನೋಟ್‌ಬುಕ್. ಹೇಗೆ ಹಚ್ಚುವುದು, ಹೇಗೆ ಆರಿಸುವುದು, ಬ್ಯಾಕಪ್ ಹೇಗೆ, ಯಾವ ದಿನ ಏನು ಬದಲಿಸಿದೆವು, ಎಲ್ಲ ಕನ್ನಡದಲ್ಲಿ, ಕೈಬರಹದಲ್ಲಿ. ಪಾಸ್‌ವರ್ಡ್ ಮಾತ್ರ ಅಂಟಿಸಿದ ಲಕೋಟೆಯಲ್ಲಿ, ಸಂಪಾದಕರ ಮನೆಯಲ್ಲಿ.

ಯಾಕೆಂದರೆ ನನ್ನಂಥ ಸ್ಟ್ರಿಂಗರ್‌ಗೆ ನೇಮಕಾತಿ ಪತ್ರ ಇಲ್ಲ, ಸಂಬಳ ಇಲ್ಲ. ನಾಳೆ ಬೇರೆ ಕೆಲಸ ಸಿಕ್ಕರೆ ಹೋಗಬೇಕಾಗುತ್ತದೆ. ನಮ್ಮ ಊರುಗಳಲ್ಲಿ ಕಂಪ್ಯೂಟರ್ ಬಲ್ಲ ಹುಡುಗರು ಒಬ್ಬೊಬ್ಬರಾಗಿ ಬೆಂಗಳೂರು, ಹೈದರಾಬಾದ್ ಬಸ್ ಹತ್ತುತ್ತಾರೆ. ಅವರ ಜೊತೆ ಪಾಸ್‌ವರ್ಡೂ ಹೋಗುತ್ತದೆ. ಡಿಸ್ಕ್ ಕೆಡುವುದಕ್ಕಿಂತ ಇದು ಹೆಚ್ಚು. ಈಗ ನಮ್ಮ ಡಿಟಿಪಿ ಮಾಡುವ ಅಕ್ಕ ನೋಟ್‌ಬುಕ್ ನೋಡಿಕೊಂಡು ಬ್ಯಾಕಪ್ ತೆಗೆಯುತ್ತಾರೆ, ಚೀಟಿ ಎತ್ತುತ್ತಾರೆ. ಕಳೆದ ಡಿಸ್ಕ್ ಬದಲಿಸುವಾಗ ಸ್ಕ್ರೂಡ್ರೈವರ್ ಅವರ ಕೈಯಲ್ಲಿತ್ತು, ನಾನು ಪಕ್ಕದಲ್ಲಿ ನಿಂತಿದ್ದೆ.

ಹೋದ ವರ್ಷಗಳನ್ನು ಪೂರ್ತಿ ತರಲು ಆಗಿಲ್ಲ. ಹಳೇ ಸಂಚಿಕೆ ಇದ್ದರೆ ಕೊಡಿ ಎಂದು ಪತ್ರಿಕೆಯಲ್ಲೇ ಕೇಳಿದೆವು. ಜನ ಟ್ರಂಕಿನ ತಳಕ್ಕೆ, ಗೂಡಿನ ಹಲಗೆಗೆ ಹಾಸಿದ್ದ ಪೇಪರ್ ಬಿಡಿಸಿ ತಂದರು. ಅರಿಶಿನದ ಕಲೆ, ಎಣ್ಣೆ ಕಲೆ ಸಮೇತ ಸ್ಕ್ಯಾನ್ ಮಾಡಿ ಸೇರಿಸಿದ್ದೇವೆ. 2012ರ ಆ ತಿಂಗಳ ಫೋಲ್ಡರ್ ಮಾತ್ರ ಇನ್ನೂ ಖಾಲಿ. ಹೆಸರು ಬರೆದು ಹಾಗೇ ಇಟ್ಟಿದ್ದೇವೆ.

ನಿಮ್ಮ ಅಂಗಡಿಯಲ್ಲಿ ಒಂದೇ ಕಂಪ್ಯೂಟರ್ ಇದ್ದರೆ ಸರ್ವರ್ ಬೇಡ. ಎರಡು ಹೊರಗಿನ ಡಿಸ್ಕ್ ಸಾಕು, ಒಂದು ಮನೆಯಲ್ಲಿರಲಿ. ಮೂರು ನಾಲ್ಕು ಕಂಪ್ಯೂಟರ್ ಆಗಿ ಪೆನ್‌ಡ್ರೈವ್ ಓಡಾಟ ಶುರುವಾಗಿದ್ದರೆ ಹಳೇ ಯಂತ್ರವೊಂದನ್ನು ಸ್ಟೂಲಿನ ಮೇಲೆ ಕೂರಿಸಿ. ಎರಡರಲ್ಲಿ ಯಾವುದೇ ಆಗಲಿ, ಈ ಭಾನುವಾರ ಒಂದು ಕೆಲಸ ಮಾಡಿ. ಕಳೆದ ವರ್ಷದ ಯಾವುದಾದರೂ ಒಂದು ಬಿಲ್ಲು ಅಥವಾ ಫೋಟೊವನ್ನು ನಿಮ್ಮ ಬ್ಯಾಕಪ್‌ನಿಂದ ತೆಗೆದು ನೋಡಿ. ತೆರೆದರೆ ಸಂತೋಷ. ತೆರೆಯದಿದ್ದರೆ, ಮೂಲ ಇನ್ನೂ ಜೀವಂತ ಇರುವಾಗಲೇ ಗೊತ್ತಾಯಿತಲ್ಲ, ಅದು ಇನ್ನೂ ಒಳ್ಳೆಯದು.