ಕಿತ್ತಿಳೆಯ ತೋಟದಲ್ಲಿ ಉಗಿಬಂಡಿ

ಕ್ಯಾಲಿಫೋರ್ನಿಯಾ ಪ್ರಾಂತದ ಲಾಸ್ ಏಂಜಲೀಸ್ ನಗರದಿಂದ ಆಗ್ನೇಯ ದಿಕ್ಕಿಗೆ ಸುಮಾರು 25 ಮೈಲಿ ಸಾಗಿದರೆ ಆನಹೈಮ್ ಎಂಬ ಊರು ಸಿಗುತ್ತದೆ. ಎಪ್ಪತ್ತು ವರ್ಷಗಳ ಹಿಂದೆ ಈ ಊರಿನ ಸುತ್ತ ಕಿತ್ತಿಳೆಯ ತೋಟಗಳು ಹರಡಿಕೊಂಡಿದ್ದುವು. ಆ ತೋಟಗಳಲ್ಲಿ 160 ಎಕರೆಯನ್ನು ಕೊಂಡು, ಮರಗಳನ್ನು ತೆಗೆಸಿ, 1954ರ ಜುಲೈ ತಿಂಗಳಲ್ಲಿ ಕೆಲಸ ಆರಂಭಿಸಿ, ಒಂದೇ ವರ್ಷದಲ್ಲಿ ಮಕ್ಕಳ ಕನಸಿನ ಪಟ್ಟಣವೊಂದನ್ನು ಎಬ್ಬಿಸಿದ ಸಾಹಸಿ ವಾಲ್ಟ್ ಡಿಸ್ನಿ. 1955ರ ಜುಲೈ 17ರಂದು ಬಾಗಿಲು ತೆರೆದ ಡಿಸ್ನಿಲ್ಯಾಂಡಿಗೆ ತಗಲಿದ ವೆಚ್ಚ 1 ಕೋಟಿ 70 ಲಕ್ಷ ಡಾಲರು. ಮೊದಲ ದಿನವೇ ಖೋಟಾ ಟಿಕೆಟುಗಳನ್ನು ಹಿಡಿದು ಜನ ನುಗ್ಗಿದರು. ಹೊಸದಾಗಿ ಹಾಕಿದ್ದ ಡಾಂಬರು ಬಿಸಿಲಿಗೆ ಮೆತ್ತಗಾಗಿ ಮಹಿಳೆಯರ ಪಾದರಕ್ಷೆಯ ಹಿಮ್ಮಡಿಗಳು ಅದರಲ್ಲಿ ಹೂತುಕೊಂಡುವು. ಹೀಗೆ ಅಪಶಕುನದಲ್ಲಿ ಆರಂಭವಾದ ಸ್ಥಳಕ್ಕೆ ಇಂದು ಲೋಕದ ಮೂಲೆಮೂಲೆಗಳಿಂದ ಜನ ಬರುತ್ತಾರೆ.

ಬೆಂಗಳೂರಿನ ಜಯನಗರದಿಂದಲೂ ಬರುತ್ತಾರೆ. ಜಯನಗರ, ಬನಶಂಕರಿ, ಜೆ. ಪಿ. ನಗರಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿ ನೆಲಸಿರುವ ಮನೆಗಳು ಬೀದಿಬೀದಿಗೂ ಉಂಟು. ಅಲ್ಲಿನ ಅಜ್ಜ ಅಜ್ಜಿಯರು ಮೆಂತ್ಯದ ಹಿಟ್ಟು, ಸಾರಿನ ಪುಡಿಗಳ ಡಬ್ಬಿಗಳನ್ನು ಹೊತ್ತು ಕೆಲವು ತಿಂಗಳ ಮಟ್ಟಿಗೆ ಸಮುದ್ರ ದಾಟುತ್ತಾರೆ. ಮೊಮ್ಮಕ್ಕಳೊಡನೆ ಇದ್ದು ಮರಳುತ್ತಾರೆ. ಅಂತಹ ಒಂದು ದಂಪತಿಗಳು ಹಿಂದಿರುಗುವ ವಾರದಲ್ಲಿ ಮಗ ಸೊಸೆಯರೂ ಎಂಟು ವರ್ಷದ ಮೊಮ್ಮಗಳೂ ಅವರನ್ನು ಡಿಸ್ನಿಲ್ಯಾಂಡಿಗೆ ಕರೆದೊಯ್ದರು.

ಅಜ್ಜನಿಗೆ 74 ವರ್ಷ. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಟಿಕೆಟಿನ ದರವನ್ನು ಮನಸ್ಸಿನಲ್ಲಿಯೇ ರೂಪಾಯಿಗೆ ತಿರುಗಿಸಿ, "ಇಷ್ಟು ಹಣಕ್ಕೆ ಕಾಶೀಯಾತ್ರೆ ಮುಗಿಸಬಹುದಲ್ಲ!" ಎಂದರು. ಅಜ್ಜಿಯವರ ಕೈಚೀಲದಲ್ಲಿ ಪುಳಿಯೋಗರೆಯ ಪೊಟ್ಟಣವಿತ್ತು. ಆರು ತಿಂಗಳಾದರೂ ಮೊಮ್ಮಗಳು ಅವರ ಕನ್ನಡಕ್ಕೆ ಇಂಗ್ಲಿಷಿನಲ್ಲಿಯೇ ಉತ್ತರ ಕೊಡುತ್ತಿದ್ದಳು. ಮಗುವಿಗೆ ಅರ್ಥವಾಗುತ್ತಿರಲಿಲ್ಲವೆಂದಲ್ಲ, ನಾಲಗೆ ಹೊರಳುತ್ತಿರಲಿಲ್ಲ. ಈ ಕೊರಗನ್ನು ಅಜ್ಜ ಯಾರೊಡನೆಯೂ ಹೇಳಿಕೊಂಡವರಲ್ಲ.

ದ್ವಾರವನ್ನು ದಾಟಿದೊಡನೆ ಎದುರಾಗುವುದು ನೂರು ವರ್ಷಕ್ಕೂ ಹಿಂದಿನ ಅಮೆರಿಕದ ಪೇಟೆಬೀದಿ. ಅಂಗಡಿಗಳ ಕೆಳ ಅಂತಸ್ತಿಗಿಂತ ಮೇಲಿನ ಅಂತಸ್ತನ್ನು ಚಿಕ್ಕ ಅಳತೆಯಲ್ಲಿ ಕಟ್ಟಿರುವುದರಿಂದ ಕಟ್ಟಡಗಳು ಇರುವುದಕ್ಕಿಂತ ಎತ್ತರವಾಗಿ ತೋರುತ್ತವೆ. ಬೀದಿಯ ಕೊನೆಯಲ್ಲಿ ನಿಂತಿರುವ ನಿದ್ರಾಸುಂದರಿಯ ಕೋಟೆ ಮುಗಿಲು ಮುಟ್ಟುವಂತೆ ಕಂಡರೂ ಅದರ ಎತ್ತರ 77 ಅಡಿ ಮಾತ್ರ. ಬವೇರಿಯಾದ ನೊಯ್‌ಶ್ವಾನ್‌ಸ್ಟೈನ್ ಅರಮನೆಯ ಛಾಯೆ ಅದರಲ್ಲಿದೆ. ಮೇಲೆ ಹೋದಂತೆಲ್ಲ ಕಲ್ಲುಗಳ ಅಳತೆ ಕಿರಿದಾಗಿ ಕಣ್ಣು ಮೋಸಹೋಗುತ್ತದೆ. ನಮ್ಮ ಗೋಪುರಗಳ ಶಿಲ್ಪಿಗಳು ನೆಲೆಯಿಂದ ನೆಲೆಗೆ ಕಿರಿದುಗೊಳಿಸುತ್ತ ಹೋದುದನ್ನು ಕಂಡವರಿಗೆ ಈ ಚಮತ್ಕಾರ ತೀರ ಹೊಸದಲ್ಲ.

ಅಲ್ಲಿಂದ ಎಲ್ಲರೂ ಕಾಡಿನ ದೋಣಿಯಾತ್ರೆಗೆ ನಡೆದರು. ನೀರನ್ನು ಬೇಕೆಂದೇ ಬಗ್ಗಡದ ಬಣ್ಣಕ್ಕೆ ತಿರುಗಿಸಿದ್ದಾರೆ. ದೋಣಿಯನ್ನು ನಡೆಸುವ ಹಳಿ ತಳದಲ್ಲಿ ಅಡಗಿರುವುದು ಯಾರಿಗೂ ಕಾಣಬಾರದಷ್ಟೆ. 1961ರ ನವೆಂಬರಿನಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಪುತ್ರಿ ಇಂದಿರಾ ಅವರೊಡನೆ ಡಿಸ್ನಿಲ್ಯಾಂಡಿಗೆ ಬಂದಾಗ ಸ್ವತಃ ವಾಲ್ಟ್ ಡಿಸ್ನಿಯವರೇ ಅವರನ್ನು ಈ ದೋಣಿಯಲ್ಲಿ ಕರೆದೊಯ್ದರು. ಮರುವರ್ಷ, 1962ರಲ್ಲಿ, ಭಾರತದ ಆನೆಗಳ ಸ್ನಾನದ ಮಡುವನ್ನು ಇಲ್ಲಿ ಸೇರಿಸಲಾಯಿತು. ಯಂತ್ರದ ಆನೆಯೊಂದು ಸೊಂಡಿಲೆತ್ತಿ ನೀರು ಚಿಮ್ಮಿತು. ಮಗು ಕಿಲಕಿಲನೆ ನಕ್ಕಿತು. ಬನ್ನೇರುಘಟ್ಟದ ಆನೆಗಳನ್ನು ಎಷ್ಟೋ ಸಲ ನೋಡಿದ್ದ ಅಜ್ಜಿ, "ಪಾಪ, ಇದಕ್ಕೆ ಹಸಿವೇ ಇಲ್ಲ" ಎಂದು ಮರುಗಿದರು.

1964-65ರ ನ್ಯೂಯಾರ್ಕ್ ಜಾಗತಿಕ ಮೇಳಕ್ಕೆಂದು ಸಿದ್ಧವಾಗಿ 1966ರಲ್ಲಿ ಇಲ್ಲಿಗೆ ಬಂದ ಬೊಂಬೆಗಳ ಲೋಕವೊಂದಿದೆ. ಅಲ್ಲಿಯೂ ದೋಣಿಯಲ್ಲಿ ಕುಳಿತೇ ಸಾಗಬೇಕು. ದೇಶದೇಶದ ಉಡುಗೆ ತೊಟ್ಟ ನೂರಾರು ಬೊಂಬೆಗಳು ಒಂದೇ ರಾಗವನ್ನು ಹಾಡುತ್ತವೆ. ತಾಜಮಹಲಿನ ಚಿತ್ರಣದ ಬಳಿ ಭಾರತದ ಬೊಂಬೆಗಳು ಕಂಡಾಗ ಮೊಮ್ಮಗಳು ಅಜ್ಜಿಯ ತೋಳು ಹಿಡಿದು ತೋರಿಸಿದಳು. ನವರಾತ್ರಿಯಲ್ಲಿ ಪಟ್ಟದ ಬೊಂಬೆಗಳನ್ನು ಕೂರಿಸುವ ಅಜ್ಜಿಗೆ ಆ ದಿನ ಅತ್ಯಂತ ಪ್ರಿಯವಾದುದು ಅದೇ ದೋಣಿ.

ಮಧ್ಯಾಹ್ನದ ಹೊತ್ತಿಗೆ ಅಜ್ಜನ ಮೊಣಕಾಲುಗಳು ಸೋತುವು. ಗಾಲಿಕುರ್ಚಿ ಬಾಡಿಗೆಗೆ ದೊರೆಯುತ್ತದೆಂದು ಮಗ ಮೆಲ್ಲನೆ ಹೇಳಿದ. ಅಜ್ಜನ ಮುಖ ಕೆಂಪಾಯಿತು. "ನನ್ನನ್ನು ತಳ್ಳಿಕೊಂಡು ಹೋಗುವ ಕಾಲ ಇನ್ನೂ ಬಂದಿಲ್ಲ. ನೀವು ಹೋಗಿ ಬನ್ನಿ" ಎಂದು ಮರದ ನೆರಳಿನ ಬೆಂಚಿನ ಮೇಲೆ ಕುಳಿತುಬಿಟ್ಟರು. ಮಗನೂ ಸೊಸೆಯೂ ಮುಖ ಮುಖ ನೋಡಿಕೊಂಡರು. ಮತ್ತೆ ಯಾವಾಗ ಈ ಐವರೂ ಹೀಗೆ ಸೇರುವುದೋ ಎಂಬ ಯೋಚನೆ ಎಲ್ಲರ ಮನಸ್ಸಿನಲ್ಲಿಯೂ ಇತ್ತು; ಬಾಯಿಬಿಟ್ಟು ಹೇಳಿದವರಿಲ್ಲ.

ವಿಚಿತ್ರವೆಂದರೆ, ಡಿಸ್ನಿಲ್ಯಾಂಡಿನ ಕಲ್ಪನೆ ಹುಟ್ಟಿದುದೇ ಇಂತಹ ಒಂದು ಬೆಂಚಿನ ಮೇಲೆ. ಲಾಸ್ ಏಂಜಲೀಸಿನ ಗ್ರಿಫಿತ್ ಉದ್ಯಾನದಲ್ಲಿ ತಮ್ಮ ಇಬ್ಬರು ಹೆಣ್ಣುಮಕ್ಕಳು ತಿರುಗುವ ಕುದುರೆಗಳ ಮೇಲೆ ಕುಳಿತು ಸುತ್ತುತ್ತಿರುವಾಗ ವಾಲ್ಟ್ ಡಿಸ್ನಿ ಬೆಂಚಿನ ಮೇಲೆ ಒಬ್ಬರೇ ಕುಳಿತಿರುತ್ತಿದ್ದರು. ಮಕ್ಕಳು ಆಡುವುದು, ಹಿರಿಯರು ಕಾಯುವುದು ಏಕೆ, ಇಬ್ಬರೂ ಕೂಡಿ ನಲಿಯುವ ತಾಣವೊಂದು ಇರಬಾರದೇ ಎಂದು ಅವರಿಗೆ ಅಲ್ಲಿಯೇ ಹೊಳೆಯಿತಂತೆ.

ಆ ಹೊತ್ತಿಗೆ ಎಲ್ಲಿಂದಲೋ ಒಂದು ಸಿಳ್ಳು ಕೇಳಿಸಿತು. ಅಜ್ಜ ತಲೆಯೆತ್ತಿದರು. "ಇದು ಆವಿಯ ಸಿಳ್ಳು. ಧ್ವನಿಮುದ್ರಿಕೆಯಲ್ಲ!" ಎಂದು ಎದ್ದು ನಿಂತರು.

ಅವರ ಕಿವಿ ತಪ್ಪಿರಲಿಲ್ಲ. ಉದ್ಯಾನವನ್ನು ಸುತ್ತುವರಿದು ಓಡುವ ಡಿಸ್ನಿಲ್ಯಾಂಡಿನ ರೈಲು ನಿಜವಾದ ಉಗಿಬಂಡಿ. ಹಳಿಗಳ ನಡುವಣ ಅಂತರ ಮೂರು ಅಡಿ. ನಮ್ಮ ಮೀಟರ್‌ಗೇಜಿಗಿಂತ ತುಸು ಕಿರಿದು. ಎಂಜಿನುಗಳಲ್ಲಿ ಎರಡನ್ನು 1955ರ ಆರಂಭಕ್ಕೆಂದೇ ಕಟ್ಟಲಾಯಿತು. 'ಫ್ರೆಡ್ ಗರ್ಲಿ' ಎಂಬ ಎಂಜಿನು 1894ರಷ್ಟು ಹಿಂದಿನದು. ಹಿಂದೆ ಲೂಯಿಸಿಯಾನಾದ ಕಬ್ಬಿನ ತೋಟದಲ್ಲಿ ಕಬ್ಬು ಸಾಗಿಸುತ್ತಿತ್ತು.

ಅಜ್ಜ ಕೆಲಸಕ್ಕೆ ಸೇರಿದ ಕಾಲದಲ್ಲಿ ಬೆಂಗಳೂರು-ಮೈಸೂರು ದಾರಿ ಮೀಟರ್‌ಗೇಜಿನದು. 1990ರ ದಶಕದಲ್ಲಿ ಅದು ಬ್ರಾಡ್‌ಗೇಜಾಯಿತು. ಉಗಿ ಎಂಜಿನುಗಳೂ ಮರೆಯಾದುವು. ಈಗ, ಹತ್ತು ಸಾವಿರ ಮೈಲಿ ದಾಟಿ ಬಂದ ಮೇಲೆ, ಬಿಸಿಯೆಣ್ಣೆಯ ಅದೇ ವಾಸನೆ, ಅದೇ ಬಿಳಿಯ ಹಬೆ! ಮೊಣಕಾಲಿನ ನೋವು ಎಲ್ಲಿ ಹೋಯಿತೋ! ನಿಲ್ದಾಣದ ಮೆಟ್ಟಿಲುಗಳನ್ನು ಅವರು ಮೊಮ್ಮಗಳ ಹೆಗಲು ಹಿಡಿದು ಹತ್ತಿದರು.

ಗಾಡಿ ಹೊರಟಿತು. ಮಗು ಪ್ರಶ್ನೆ ಕೇಳಿತು, ಅಜ್ಜ ವಿವರಿಸಿದರು. ಬೆಂಕಿ ನೀರನ್ನು ಕಾಯಿಸುತ್ತದೆ, ನೀರು ಉಗಿಯಾಗುತ್ತದೆ, ಹೊರಬರಲು ದಾರಿಯಿಲ್ಲದ ಉಗಿ ಕೊಂತವನ್ನು ನೂಕುತ್ತದೆ, ಕೊಂತಕ್ಕೆ ಬಿಗಿದ ಸರಳು ಗಾಲಿಯನ್ನು ತಿರುಗಿಸುತ್ತದೆ. ಕೆಲಸ ಮುಗಿಸಿದ ಉಗಿ ಚಿಮಣಿಯಿಂದ ನುಗ್ಗುವಾಗ ಆಗುವ ಸದ್ದೇ 'ಛುಕ್ ಛುಕ್'. ಆ ನುಗ್ಗಾಟವೇ ಒಲೆಗೆ ಗಾಳಿಯನ್ನೂ ಸೆಳೆಯುತ್ತದೆ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಲು ಅವರಿಗೆ ಬಾರದೆಯಲ್ಲ. ಆದರೆ ಉತ್ಸಾಹ ಮೇರೆ ಮೀರಿದಾಗ ಮನುಷ್ಯನಿಗೆ ನೆನಪಾಗುವುದು ಒಂದೇ ಭಾಷೆ. ಮಗು ಕಣ್ಣರಳಿಸಿ ಕೇಳುತ್ತ, ಕೊನೆಗೆ, "ಉಗಿ ಹೋಗಿ ಏನಾಗುತ್ತೆ, ತಾತ?" ಎಂದಿತು.

ಸೊಸೆ ತಿರುಗಿ ನೋಡಿದಳು. ಅಜ್ಜ ಯಾವ ಆಶ್ಚರ್ಯವನ್ನೂ ತೋರಿಸಲಿಲ್ಲ. ತೋರಿಸಿದ್ದರೆ ಮಗು ನಾಚಿಕೊಂಡು ಸುಮ್ಮನಾಗಬಹುದಿತ್ತು. "ಮೋಡಕ್ಕೆ ಸೇರುತ್ತದೆ, ಪುಟ್ಟಿ. ಮತ್ತೆ ಮಳೆಯಾಗಿ ಬರುತ್ತದೆ" ಎಂದಷ್ಟೇ ಹೇಳಿದರು.

ಗಾಡಿ ಕಣಿವೆಯ ಚಿತ್ರಗಳನ್ನೂ ಕಲ್ಪಿತ ಡೈನೋಸಾರುಗಳನ್ನೂ ದಾಟಿ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಒಂದು ಸುತ್ತು ಮುಗಿಸಿತು. ಇಬ್ಬರೂ ಇಳಿಯಲಿಲ್ಲ. ಚಿಕ್ಕಂದಿನಲ್ಲಿ ಕಬ್ಬನ್ ಪಾರ್ಕಿನ ಪುಟಾಣಿ ಎಕ್ಸ್‌ಪ್ರೆಸ್ಸಿನಿಂದ ಇಳಿಯಲೊಲ್ಲದೆ ತಾನು ಅತ್ತುದು ಮಗನಿಗೆ ನೆನಪಾಯಿತು. ನಗುತ್ತ ಅವನೂ ಮತ್ತೆ ಕುಳಿತ. ಮೂರನೆಯ ಸುತ್ತು ಮುಗಿದ ಮೇಲೆ ಎಲ್ಲರೂ ಬೆಂಚಿನಲ್ಲಿ ಕುಳಿತು ಪುಳಿಯೋಗರೆ ತಿಂದರು. ಅನಂತರ ಅಜ್ಜ ತಾವಾಗಿಯೇ, "ಆ ಕುರ್ಚಿ ತರಿಸು. ಬಾಣಬಿರುಸು ನೋಡಿಕೊಂಡೇ ಹೋಗೋಣ" ಎಂದರು. ಸಂಜೆಯೆಲ್ಲ ಕುರ್ಚಿಯ ಪಕ್ಕದಲ್ಲಿ ಮೊಮ್ಮಗಳು ಎಂಜಿನಿನ ಸದ್ದು ಮಾಡುತ್ತ ನಡೆದಳು.

ವಾರ ಕಳೆದು ದಂಪತಿಗಳು ಜಯನಗರಕ್ಕೆ ಮರಳಿದರು. ರವಿವಾರ ಬೆಳಿಗ್ಗೆ ದೂರವಾಣಿಯ ಪರದೆಯಲ್ಲಿ ಮೊಮ್ಮಗಳ ಮುಖ ಮೂಡುತ್ತದೆ. ಒಮ್ಮೆ ಅಜ್ಜ ಬಡಾವಣೆಯ ಮೇಲೆ ಹಾದುಹೋಗುವ ಮೆಟ್ರೋ ರೈಲನ್ನು ಆಕೆಗೆ ತೋರಿಸಿದರು; ಹಸುರು ಮಾರ್ಗದ ಗಾಡಿ ಸದ್ದಿಲ್ಲದೆ ಮರಗಳಾಚೆ ಸರಿಯಿತು.

"ಉಗಿ ಎಲ್ಲಿ, ತಾತ?" ಎಂದಳು ಮಗು.

ಅಜ್ಜ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ವಿದ್ಯುತ್ತಿನ ಕಥೆಯನ್ನು ಮೊದಲಿನಿಂದ ಆರಂಭಿಸಿದರು.