ಕತ್ತಲೆಕಾನಿನ ಕರಡು

ನವೆಂಬರ್ 12, ಕತ್ತಲೆಕಾನು, ಸಿದ್ದಾಪುರ ತಾಲ್ಲೂಕು

ಒದ್ದೆ ಗಾಳಿ, ನೀರುಬಣ್ಣ ಒಣಗುತ್ತಿಲ್ಲ. ಒಂದು ಪದರ ಹಚ್ಚಿ ಇನ್ನೊಂದಕ್ಕೆ ಕಾಯುವಷ್ಟರಲ್ಲಿ ಬೆಳಕೇ ಬೇರೆ. ಹಾಗಾಗಿ ಹಾಳೆಯ ಅಂಚೆಲ್ಲ ಟಿಪ್ಪಣಿ: ಎಷ್ಟು ಗಂಟೆ, ಬಿಸಿಲು ಯಾವ ಕಡೆಯಿಂದ, ರಾಮಪತ್ರೆಯ ಮಂಡಿಬೇರಿನ ಪಾಚಿಗೆ ಯಾವ ಹಳದಿ. ಇದೆಲ್ಲ ಡಯೋರಾಮಾಕ್ಕೆ, ಅಂದರೆ ಮುಂದೆ ಮಾದರಿಗಳು, ಹಿಂದೆ ಚಿತ್ರ ಬರೆದ ಗೋಡೆ ಇರುವ ಮ್ಯೂಸಿಯಂ ಪೆಟ್ಟಿಗೆಗೆ. ಅದರ ಕರಡು ಚೆಂದವಿರಬೇಕೆಂದೇನೂ ಇಲ್ಲ, ಊರಿಗೆ ಹೋದ ಮೇಲೆ ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಸಾಕು.

ಸಿಂಗಳೀಕಗಳು ಕಂಡವು, ತೀರಾ ಮೇಲೆ. ನೆಲಕ್ಕೆ ಯಾವಾಗ ಇಳಿಯುತ್ತವೆ ಎಂದು ದಾರಿ ತೋರಿಸಲು ಬಂದವರನ್ನು ಕೇಳಿದೆ. "ಅದಕ್ಕೆ ನೆಲದಲ್ಲಿ ಏನು ಕೆಲಸ ಮಾರಾಯ್ರೇ?" ಎಂದರು.

ನವೆಂಬರ್ 13

ಆ ಮಾತೇ ಚಿತ್ರದ ದಿಗಂತ ತೀರ್ಮಾನಿಸಿತು. ನೋಡುವವರ ಕಣ್ಣು ಮರದ ನೆತ್ತಿಯ ಮಟ್ಟದಲ್ಲಿರಬೇಕು. ಮಂಡಿಬೇರು ಕೈಬಿಟ್ಟೆ, ಹೊಟ್ಟೆ ಉರಿಯಿತು ನಿಜ.

ಇನ್ನೊಂದು ಪೇಚು: ಕಪ್ಪು ಪ್ರಾಣಿ, ಕಪ್ಪು ಕಾಡು. ಬೂದು ಕೇಸರ ಬಿಟ್ಟರೆ ಏನೂ ಕಾಣದು. ಸಿಂಗಳೀಕದ ಬೆನ್ನ ಹಿಂದೆ ಮಂಜು ತಂದೆ. ಹಾಳೆಯನ್ನು ಖಾಲಿ ಬಿಟ್ಟರೆ ಅದೇ ಮಂಜು.

ನವೆಂಬರ್ 20, ಮೈಸೂರು

ಡಯೋರಾಮಾದ ಹಿನ್ನೆಲೆ ಗೋಡೆಗೆ ಬಂದಾಗ ಲೆಕ್ಕ ತಲೆಕೆಳಗು. ಹಾಳೆಯಲ್ಲಿ ಏನನ್ನೂ ಹಚ್ಚದೆ ಪಡೆದ ಮಂಜನ್ನು ಅಲ್ಲಿ ಬಿಳಿ ಬೆರೆಸಿ ಹಚ್ಚಿಯೇ ಪಡೆಯಬೇಕು. ಗೋಡೆ ಬೇರೆ ಕಮಾನಿನಂತೆ ಬಾಗಿದೆ. ನೆಟ್ಟಗಿನ ಕಾಂಡಕ್ಕೆ ತೊಂದರೆಯಿಲ್ಲ, ಅಡ್ಡಕೊಂಬೆ ಬಾಗಿದಂತೆ ಕಾಣುತ್ತದೆ. 1934ರಲ್ಲಿ ನ್ಯೂಯಾರ್ಕಿನ ನಿಸರ್ಗ ಮ್ಯೂಸಿಯಂ ಸೇರಿದ ಹಿನ್ನೆಲೆ ಚಿತ್ರಕಾರ ಜೇಮ್ಸ್ ಪೆರಿ ವಿಲ್ಸನ್ ಇದಕ್ಕೆಂದೇ ಎರಡು ಚೌಕಳಿ ಬಳಸುತ್ತಿದ್ದರು: ಒಂದು ಚಿತ್ರದ ಮೇಲೆ, ಇನ್ನೊಂದು ಬಾಗುಗೋಡೆಗೆ ಹೊಂದುವಂತೆ ತಿದ್ದಿದ್ದು. ಮೊದಲು ವಾಸ್ತುಶಿಲ್ಪಿಯಾಗಿದ್ದವರು, ಕೈಗಿಂತ ಲೆಕ್ಕವನ್ನು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ನನಗೆ ಹತ್ತಿರವೆನಿಸುವವರು ಅದೇ ಮ್ಯೂಸಿಯಮ್ಮಿನ ಚಿತ್ರಕಾರ ವಿಲಿಯಂ ಲೀ. 1926ರಲ್ಲಿ ಅವರು ಹೋಗಿದ್ದ ಆಫ್ರಿಕಾ ತಂಡದ ಮುಖ್ಯಸ್ಥ ಕಾರ್ಲ್ ಏಕ್ಲಿ ಕಾಂಗೋದ ಮಿಕೆನೊ ಬೆಟ್ಟದಲ್ಲಿ ತೀರಿಕೊಂಡರು, ಅಲ್ಲೇ ಮಣ್ಣಾದರು. ಲೀ ಕರಡು ಬಿಡಲಿಲ್ಲ. 1936ರಲ್ಲಿ ತೆರೆದ ಗೊರಿಲ್ಲಾ ಡಯೋರಾಮಾದ ಹಿನ್ನೆಲೆ ಆ ಬೆಟ್ಟದ್ದೇ. ನನ್ನದು ನೀರುಬಣ್ಣ, ಅವರದ್ದು ಎಣ್ಣೆಬಣ್ಣ.

ನವೆಂಬರ್ 22

ಒಂದಡಿಗೆ ಒಂದಂಗುಲದ ರಟ್ಟಿನ ಮಾದರಿಯೊಳಗೆ ಕರಡನ್ನು ಬಾಗಿಸಿ ಅಂಟಿಸಿದೆ. ನಿಜವಾದ ಕೊಂಬೆಯೂ ಬರೆದ ಕೊಂಬೆಯೂ ಕೂಡುವಲ್ಲಿ ಸಂದು ಎದ್ದು ಕಾಣುತ್ತದೆ, ಬಳ್ಳಿ ಇಳಿಬಿಟ್ಟು ಮುಚ್ಚಬೇಕು. ಹಳದಿ ಬಲ್ಬಿನಡಿ ಹಸಿರೆಲ್ಲ ಒಣಗಿದ ಹಾಗಾಯಿತು. ಡಯೋರಾಮಾ ಪೆಟ್ಟಿಗೆಗೆ ಯಾವ ದೀಪವೆಂದು ಕೇಳಿದರೆ ಮಾಡಿಸುತ್ತಿರುವವರು "ಆಮೇಲೆ ನೋಡೋಣ ಸಾರ್" ಎನ್ನುತ್ತಾರೆ. ಅದು ಗೊತ್ತಾಗುವ ತನಕ ಗೋಡೆಗೆ ಹಸಿರು ಕಲೆಸುವುದಿಲ್ಲ.