ನೀರಿನಡಿಯ ರಾಜಧಾನಿ

ವಿಜಯವಾಡದ ಪ್ರಕಾಶಂ ಬ್ಯಾರೇಜನ್ನು ದಾಟಿ, ಉಂಡವಳ್ಳಿಯ ಗುಹೆಗಳನ್ನು ಬಳಸಿ, ಕೃಷ್ಣೆಯ ಬಲದಂಡೆಯಲ್ಲಿ ಪಶ್ಚಿಮಕ್ಕೆ ನಡೆದರೆ ಆಂಧ್ರದ ಹೊಸ ರಾಜಧಾನಿ ಅಮರಾವತಿ. (ಸ್ತೂಪದ ಹಳೆಯ ಅಮರಾವತಿ ಇನ್ನೂ ಮುಂದಿದೆ.) 2024ರ ಮಳೆಗಾಲದಲ್ಲಿ ನಾವು ಅಲ್ಲಿ ಕಂಡದ್ದು ನಗರವನ್ನಲ್ಲ, ಕೆರೆಯನ್ನು! ಜೊಂಡಿನ ನಡುವೆ ತುಕ್ಕು ಹಿಡಿದ ಸರಳುಗಳು ತಲೆಯೆತ್ತಿ ನಿಂತಿದ್ದುವು. ಸಚಿವಾಲಯದ ಐದು ಗೋಪುರಗಳ ತಳಹದಿ ಆ ನೀರಿನಡಿಯಲ್ಲಿತ್ತು. 2019ರಲ್ಲಿ ಸರ್ಕಾರ ಬದಲಾದ ಮೇಲೆ ಕೆಲಸ ನಿಂತುಹೋಗಿತ್ತು.

ದಡದಲ್ಲಿ ನೆರೆದವರದು ಬಗೆಬಗೆಯ ಊಹೆ. ಎಲ್ಲವನ್ನೂ ಒಡೆದು ಹೊಸದಾಗಿ ಕಟ್ಟಬೇಕೆಂದರು ಒಬ್ಬರು. ಮುಳುಗಿದ ಕಾಂಕ್ರೀಟಿಗೆ ಭಯವಿಲ್ಲ, ಗಾಳಿಗೊಡ್ಡಿದ ಸರಳೇ ಸವೆಯುವುದೆಂದರು ಇನ್ನೊಬ್ಬರು. ನನಗೂ ಹಾಗೆಯೇ ತೋರಿತು. ಪಕ್ಕದಲ್ಲಿದ್ದ ವೃದ್ಧ ರೈತರು ಮಾತ್ರ ಮೌನವಾಗಿದ್ದರು. ರಾಜಧಾನಿಗಾಗಿ ರೈತರು ಬಿಟ್ಟುಕೊಟ್ಟ 33,000ಕ್ಕೂ ಹೆಚ್ಚು ಎಕರೆಗಳಲ್ಲಿ ಅವರ ಬಾಳೆತೋಟವೂ ಒಂದು. ಬದಲಿಗೆ ದೊರೆಯಬೇಕಾದದ್ದು ನಿವೇಶನ.

ಅನಂತರ ಮದ್ರಾಸ್ ಐ.ಐ.ಟಿ.ಯ ತಜ್ಞರು ತಳಹದಿಯನ್ನು ಪರೀಕ್ಷಿಸಿದರು, ನೀರನ್ನು ಹೊರಹಾಕಿದರು. 2025ರ ಮೇ 2ರಂದು ಪ್ರಧಾನಿಯವರು ಕಾಮಗಾರಿಗೆ ಮತ್ತೆ ಚಾಲನೆಯಿತ್ತರು. ಪತ್ರಿಕೆಯಲ್ಲಿ ಅದನ್ನೋದಿದಾಗ ಆ ವೃದ್ಧರು ನೆನಪಾದರು. ಗೋಪುರಕ್ಕೆ ಎಷ್ಟು ಮಹಡಿಯೆಂದು ನಾವು ಕೇಳುತ್ತಿದ್ದರೆ, ತಮ್ಮ ನಿವೇಶನಕ್ಕೆ ರಸ್ತೆ ಎಂದು ಬಂದೀತೆಂದು ಅವರು ನಮ್ಮನ್ನೇ ಕೇಳಿದ್ದರು.